ಗೂಢ ಪದಬಂಧ: ಬಿಡಿಸುವ ಬಗೆ, ಬಿಡಿಸಿದ್ದಕ್ಕೆ ಲೆಕ್ಕ ಒಪ್ಪಿಸುವ ಬಗೆ

ತುಮಕೂರಿನ ಅಮಾನಿಕೆರೆಯ ದಡದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ಐದಾರು ಮಂದಿಯ ಕೂಟಕ್ಕೆ ಒಂದು ಕಟ್ಟಳೆಯಿದೆ. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯ ಮೇಲೆ ಕೈಬರಹದಲ್ಲಿ ಗೂಢ ಪದಬಂಧವೊಂದನ್ನು ಕಟ್ಟಿ ತರುತ್ತಾರೆ, ಅದರ ನಕಲುಗಳನ್ನು ಹಂಚುತ್ತಾರೆ, ಕಾಫಿ ಆರುವುದರೊಳಗೆ ಮುಗಿಸಬೇಕೆಂದು ನಾವು ಹೆಣಗುತ್ತೇವೆ. ಅಲ್ಲಿ ಬರಿಯ ಉತ್ತರಕ್ಕೆ ಅಂಕವಿಲ್ಲ. ಆ ಉತ್ತರವು ಸುಳಿವಿನ ಯಾವ ಪದದಿಂದ ಹೇಗೆ ಹುಟ್ಟಿತು ಎಂದು ಲೆಕ್ಕ ಒಪ್ಪಿಸಿದವರಿಗಷ್ಟೇ ಅಂಕ.

ಈ ಕಟ್ಟಳೆ ಏಕೆ ಬೇಕೆಂಬುದು ನನಗೆ ತಿಳಿದದ್ದು ಪೆನ್ನಿನಲ್ಲಿ ಬರೆದ ಒಂದು ತಪ್ಪಿನಿಂದ. ಅಂದಿನ ಮೊದಲ ಸುಳಿವು ಹೀಗಿತ್ತು: “ಯಾವಾಗಲೂ ಹಿಂದಿರುಗುವ ಸೇವಕ (2)”. ಸೇವಕ ಎಂದರೆ ಬಂಟ, ಎರಡೇ ಅಕ್ಷರ, ಇನ್ನೇನು ಬೇಕು ಎಂದುಕೊಂಡು ನಾನು ಒಂದೇ ಏಟಿಗೆ ‘ಬಂಟ’ ಎಂದು ತುಂಬಿಬಿಟ್ಟೆ. ಅದರ ಮೊದಲ ಮನೆಯಿಂದ, ಅಂದರೆ ಚೌಕದಿಂದ, ಕೆಳಕ್ಕೆ ಇಳಿಯುವ ಪದವು ಮೂರು ಅಕ್ಷರದ ಹಣ್ಣಾಗಿತ್ತು. ‘ಬಂ’ ಎಂದು ಶುರುವಾಗುವ ಹಣ್ಣನ್ನು ಹುಡುಕುತ್ತ ನಾನು ಅರ್ಧ ಗಂಟೆ ಕೆರೆಯ ನೀರನ್ನೇ ನೋಡುತ್ತ ಕುಳಿತಿದ್ದೆ. ಕೊನೆಗೆ ಮೇಷ್ಟ್ರು ಹಾಳೆಯ ಮೇಲೆ ಬಗ್ಗಿ, “ಸೇವಕನಿಗೆ ಕೆಲಸ ಕೊಟ್ಟಿರಿ ಸರಿ, ‘ಯಾವಾಗಲೂ’ ಮತ್ತು ‘ಹಿಂದಿರುಗುವ’ ಇವೆರಡೂ ಏಕೆ ಸುಮ್ಮನೆ ನಿಂತಿವೆ?” ಎಂದು ಕೇಳಿದರು. ಯಾವಾಗಲೂ ಎಂದರೆ ಸದಾ; ಸದಾ ಹಿಂದಿರುಗಿದರೆ ದಾಸ; ಕೆಳಗಿಳಿಯುವ ಹಣ್ಣು ದಾಳಿಂಬೆ. ಎಲ್ಲ ಪದಗಳಿಗೂ ಕೆಲಸ ಸಿಕ್ಕಿತು, ಮೂಲೆಯೂ ತುಂಬಿತು.

ಹೊಸದಾಗಿ ಗೂಢ ಪದಬಂಧಕ್ಕೆ ಕೈಹಾಕುವವರಿಗೆ ಅನುಕೂಲವಾಗಲೆಂದು ನಮ್ಮ ಕೂಟದಲ್ಲಿ ರೂಢಿಯಾಗಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಯ ಸುಳಿವುಗಳೆಲ್ಲ ಅಮಾನಿಕೆರೆಯ ಬೆಂಚಿನ ಮೇಲೆ ಹುಟ್ಟಿದವು.

ಒಗಟಿಗೂ ಗೂಢ ಸುಳಿವಿಗೂ ಇರುವ ಅಂತರ

‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂಬ ಒಗಟಿಗೆ ಮಲ್ಲಿಗೆ ಎಂದು ಉತ್ತರ ಹೇಳುತ್ತೇವೆ. ದುಂಡುಮಲ್ಲಿಗೆ, ಜಾಜಿ, ನಂದಿಬಟ್ಟಲು ಎಂದರೂ ಒಗಟು ಅಲ್ಲಗಳೆಯಲಾರದು, ಏಕೆಂದರೆ ಅದು ತೋರಿಸುವುದು ಒಂದೇ ದಾರಿಯನ್ನು. ಗೂಢ ಸುಳಿವು ಒಂದೇ ಪದಕ್ಕೆ ಎರಡು ದಾರಿಗಳನ್ನು ತೋರಿಸುತ್ತದೆ. ಒಂದು ದಾರಿ ಪದದ ಅರ್ಥವನ್ನು ನೇರವಾಗಿ ಹೇಳುತ್ತದೆ. ಇದನ್ನು ಅರ್ಥಭಾಗ ಎನ್ನೋಣ. ಇನ್ನೊಂದು ದಾರಿ ಅದೇ ಪದದ ಅಕ್ಷರಗಳನ್ನು ಕೂಡಿಸಿ, ಕಳೆದು, ತಿರುಗಿಸಿ ಕಟ್ಟಿಕೊಡುತ್ತದೆ. ಇದು ಆಟದ ಭಾಗ. ಎರಡು ದಾರಿಗಳೂ ಒಂದೇ ಊರಿಗೆ ಬಂದು ಸೇರಿದಾಗ ಉತ್ತರ ಸರಿಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಆಟದ ಭಾಗದಲ್ಲಿ ‘ಇಲ್ಲಿ ತಿರುಗಿಸು’, ‘ಇಲ್ಲಿ ಕತ್ತರಿಸು’ ಎಂದು ಸನ್ನೆ ಮಾಡುವ ಪದಕ್ಕೆ ನಾವು ಸೂಚಕ ಎನ್ನುತ್ತೇವೆ. ಮೇಲಿನ ಸುಳಿವಿನಲ್ಲಿ ‘ಹಿಂದಿರುಗುವ’ ಎಂಬುದು ಸೂಚಕ.

ಈ ಆಟ ನಮ್ಮದಲ್ಲ. ಆರ್ಥರ್ ವಿನ್ ಎಂಬವರು ಮೊದಲ ಪದಬಂಧವನ್ನು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು 1913ರ ಡಿಸೆಂಬರ್ 21ರಂದು. ಅದು ನೇರ ಅರ್ಥ ಕೇಳುವ ಪದಬಂಧ. ಗೂಢ ರೂಪ ಬೆಳೆದದ್ದು 1920ರ ದಶಕದ ಇಂಗ್ಲೆಂಡಿನಲ್ಲಿ. ಎಡ್ವರ್ಡ್ ಪೊವಿಸ್ ಮ್ಯಾದರ್ಸ್ 1926ರಿಂದ ‘ಟಾರ್ಕ್ವೆಮಾಡಾ’ ಎಂಬ ಹೆಸರಿನಲ್ಲಿ ಅದನ್ನು ಕಟ್ಟುತ್ತಿದ್ದರು. ಆ ಮೂಲ ಟಾರ್ಕ್ವೆಮಾಡಾ ಸ್ಪೇನಿನಲ್ಲಿ ಚಿತ್ರಹಿಂಸೆಗೆ ಹೆಸರಾದ ಧರ್ಮವಿಚಾರಣಾಧಿಕಾರಿ ಎಂಬುದನ್ನು ನೆನೆದರೆ ಬಿಡಿಸುವವರ ಬಗ್ಗೆ ಅವರಿಗಿದ್ದ ಕರುಣೆ ಎಷ್ಟೆಂದು ಊಹಿಸಬಹುದು. ಅವರ ನಂತರ ಬಂದ ‘ಜಿಮೆನೀಸ್’, ಅಂದರೆ ಡೆರಿಕ್ ಮ್ಯಾಕ್‌ನಟ್, ಸುಳಿವಿನಲ್ಲಿ ಒಂದು ಪದವೂ ವ್ಯರ್ಥವಾಗಿರಬಾರದು ಎಂಬ ನ್ಯಾಯದ ನಿಯಮಗಳನ್ನು ಗಟ್ಟಿ ಮಾಡಿದರು. ‘ಆಫ್ರಿಟ್’ ಎಂಬ ಹೆಸರಿನ ಇನ್ನೊಬ್ಬ ರಚನಕಾರ 1949ರಲ್ಲಿ ಹೇಳಿದ ಸೂತ್ರದ ತಾತ್ಪರ್ಯವೂ ಇದೇ: ರಚನಕಾರನ ಮಾತಿನ ಮೇಲುಮೇಲಿನ ಅರ್ಥ ಬೇರೆಲ್ಲಿಗೋ ಕರೆದೊಯ್ದರೆ ತಪ್ಪಿಲ್ಲ, ಆದರೆ ಹೇಳಬೇಕಾದದ್ದನ್ನು ಆ ಮಾತು ಅಕ್ಷರಶಃ ಹೇಳಿರಲೇಬೇಕು.

ಮೊದಲ ಹೆಜ್ಜೆ: ಅಕ್ಷರ ಎಣಿಸಿ

ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿಚಿಹ್ನೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ಣ ಅಕ್ಷರ, ಗುಣಿತ, ಒತ್ತು, ಸೊನ್ನೆ ಸಮೇತ. ‘ಬಂಡೆ’ಗೆ ಎರಡು ಮನೆ, ‘ಕತ್ತೆ’ಗೆ ಎರಡು ಮನೆ, ‘ಅರ್ಥ’ಕ್ಕೂ ಎರಡೇ. ಅರ್ಧಾಕ್ಷರದಲ್ಲಿ ಮುಗಿಯುವ ‘ಕುಣಿಗಲ್’ ತರಹದ ಪದಗಳಲ್ಲಿ ಕೊನೆಯ ‘ಲ್’ಗೆ ನಾವು ಪ್ರತ್ಯೇಕ ಮನೆ ಕೊಡುತ್ತೇವೆ, ಆದ್ದರಿಂದ ಅದು ನಾಲ್ಕಕ್ಷರ. ಬೇರೆ ಪದ್ಧತಿ ಅನುಸರಿಸುವ ರಚನಕಾರರು ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ವ್ಯತ್ಯಾಸ ಬರಿಯ ಎಣಿಕೆಯದಲ್ಲ, ಇಡೀ ಆಟದ ಸ್ವರೂಪವನ್ನೇ ಬದಲಿಸುತ್ತದೆ. ಜಿಮೆನೀಸರ ನಂತರ ಬಂದ ರಚನಕಾರರೊಬ್ಬರು ‘ಡೆಜಾ’ (Deza) ಎಂಬ ಇನ್ನೊಬ್ಬ ಸ್ಪೇನಿನ ವಿಚಾರಣಾಧಿಕಾರಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಏಜೆಡ್’ (Azed) ಎಂದು ಇಟ್ಟುಕೊಂಡರು. ನಾವು ‘ಡೆಜಾ’ವನ್ನು ತಿರುಗಿಸಿದರೆ ಬರುವುದು ‘ಜಾಡೆ’. ಹಾಗಾಗಿ ಇಂಗ್ಲಿಷ್ ಸುಳಿವನ್ನು ಕನ್ನಡಕ್ಕೆ ಅನುವಾದಿಸಿ ಆಡಲು ಹೋಗುವುದು ನಿಷ್ಫಲ. ಇಲ್ಲಿಯ ಸುಳಿವು ಇಲ್ಲಿಯ ಅಕ್ಷರದಲ್ಲೇ ಹುಟ್ಟಬೇಕು.

ಎರಡನೆಯ ಹೆಜ್ಜೆ: ಅರ್ಥಭಾಗ ಎಲ್ಲಿದೆ?

ಅರ್ಥಭಾಗವು ಸುಳಿವಿನ ಒಂದು ತುದಿಯಲ್ಲಿರುತ್ತದೆ, ನಡುವೆ ಇರುವುದಿಲ್ಲ. ಕನ್ನಡದಲ್ಲಿ ವಿಶೇಷಣ ಮೊದಲು ಬಂದು ನಾಮಪದ ಆಮೇಲೆ ಬರುವುದರಿಂದ ಅರ್ಥಭಾಗವು ಹೆಚ್ಚಾಗಿ ಕೊನೆಗೇ ಬಂದು ಕೂರುತ್ತದೆ. ‘ಹಿಂದಿರುಗುವ ಸೇವಕ’ ಎಂಬಲ್ಲಿ ಆದದ್ದು ಅದೇ. ಚತುರ ರಚನಕಾರರು “ಸೇವಕ ಯಾವಾಗಲೂ ಹಿಂದಿರುಗುತ್ತಾನೆ” ಎಂದು ವಾಕ್ಯವನ್ನು ಮಗುಚಿ ಅರ್ಥವನ್ನು ಮೊದಲಿಗೆ ತರುವುದುಂಟು. ಆದ್ದರಿಂದ ಮೊದಲು ಕೊನೆಯ ಪದವನ್ನು ನೋಡಿ, ಆಗದಿದ್ದರೆ ಮೊದಲ ಪದವನ್ನು ನೋಡಿ. ವಾಕ್ಯವನ್ನು ವಾಕ್ಯದಂತೆ ಓದಬೇಡಿ. ಅದು ಹೇಳುವ ಕತೆ ನಿಮ್ಮ ಗಮನ ಬೇರೆಡೆ ಸೆಳೆಯಲೆಂದೇ ಹೆಣೆದದ್ದು.

ಮೂರನೆಯ ಹೆಜ್ಜೆ: ಸೂಚಕವನ್ನು ಗುರುತಿಸಿ

ಸುಳಿವಿನ ಬಗೆಗಳು ಹತ್ತಕ್ಕಿಂತ ಕಡಿಮೆ. ಒಮ್ಮೆ ಪರಿಚಯವಾದರೆ ಸೂಚಕವನ್ನು ನೋಡಿದೊಡನೆ ಬಗೆ ಹೊಳೆಯುತ್ತದೆ.

ಅತಿ ಸುಲಭವಾದದ್ದು ಅಡಗಿಸಿಡುವ ಬಗೆ. “ಸಾರಾಗಿದೆ, ಒಳಗಿದೆ ಮುದ್ದೆಯ ಧಾನ್ಯ (2)”. ಸಾ-ರಾ-ಗಿ-ದೆ ಎಂದು ಬಿಡಿಸಿ ಓದಿದರೆ ನಡುವೆ ರಾಗಿ ಕಣ್ಣಿಗೆ ಬೀಳುತ್ತದೆ. ಎರಡು ಪದಗಳ ಸಂದಿಯಲ್ಲಿ ಅಡಗಿಸಿದರೆ ಸ್ವಲ್ಪ ಕಷ್ಟ: “ಅವನ ಕಲಿಕೆಯ ನಡುವೆ ಸಿಕ್ಕ ಅಸಲಿಯಲ್ಲದ್ದು (3)”. ಅ-ವ-ನ-ಕ-ಲಿ-ಕೆ-ಯ ಎಂಬ ಏಳು ಅಕ್ಷರಗಳ ನಟ್ಟನಡುವೆ ‘ನಕಲಿ’ ಇದೆ. ಕಣ್ಣು ಪದಗಳ ನಡುವಿನ ಖಾಲಿ ಜಾಗವನ್ನು ಗೋಡೆಯೆಂದು ತಿಳಿಯುವ ಅಭ್ಯಾಸವನ್ನು ಬಿಡಬೇಕು. ಮೊದಲಕ್ಷರಗಳನ್ನು ಆಯ್ದು ಪೋಣಿಸುವುದು ಇದರ ತಮ್ಮ: “ರಾತ್ರಿ ಗಿರಣಿಗೆ ಮೊದಮೊದಲು ಬಂದ ಧಾನ್ಯ (2)” ಎಂದರೂ ರಾಗಿಯೇ.

ಜೋಡಣೆಯ ಬಗೆಗೆ ನಮ್ಮ ಸೀಮೆಯ ಊರಿನ ಹೆಸರುಗಳು ಹೇಳಿ ಮಾಡಿಸಿದಂತಿವೆ. “ದೇವಸ್ಥಾನದ ಪಕ್ಕದ ಹೆಗ್ಗಲ್ಲೇ ಒಂದು ತಾಲ್ಲೂಕು (4)” ಎಂದರೆ ಗುಡಿ ಮತ್ತು ಬಂಡೆ ಸೇರಿ ಗುಡಿಬಂಡೆ. ಮಧುಗಿರಿ, ಬಂಗಾರಪೇಟೆಗಳನ್ನು ಹೀಗೆಯೇ ಒಡೆಯಬಹುದು. ಆದರೆ ಚಿಂತಾಮಣಿಯ ಬಗ್ಗೆ ನಮ್ಮಲ್ಲಿ ಜಗಳವಿದೆ. “ಯೋಚನೆಯ ಬೆನ್ನಿಗೆ ರತ್ನ ಸಿಕ್ಕ ಊರು (4)” ಎಂದರೆ ಯೋಚನೆಗೆ ‘ಚಿಂತೆ’ ಬರುತ್ತದೆಯೇ ಹೊರತು ‘ಚಿಂತಾ’ ಬರುವುದಿಲ್ಲ ಎಂದು ಒಂದು ಪಕ್ಷ. ಸಮಾಸದಲ್ಲಿ ಹಾಗೆ ಆಗುತ್ತದೆಯಲ್ಲ ಎಂದು ಇನ್ನೊಂದು ಪಕ್ಷ. ನಾನು ಮೊದಲ ಪಕ್ಷದವನು. ಪದ ಯಾವ ರೂಪದಲ್ಲಿ ಬೇಕೋ ಆ ರೂಪವನ್ನೇ ಸುಳಿವು ಕೊಡಬೇಕು, ಅಕ್ಷರದ ದೀರ್ಘವೂ ಅಕ್ಷರದ ಭಾಗವೇ.

ಕಲಸುವ ಬಗೆಯಲ್ಲಿ ಅಕ್ಷರಗಳು ಸುಳಿವಿನಲ್ಲೇ ಇರುತ್ತವೆ, ಕ್ರಮ ಮಾತ್ರ ಕೆಟ್ಟಿರುತ್ತದೆ. ಗಲಾಟೆ, ಗೊಂದಲ, ಅದಲುಬದಲು, ಹುಚ್ಚು, ಕುಣಿತ ಇವೆಲ್ಲ ಸೂಚಕಗಳು. “ಯಾರ ಗಡಿ ಅದಲುಬದಲಾದರೆ ತುಮಕೂರಿನ ಎಚ್‌ಎಂಟಿಯಲ್ಲಿ ತಯಾರಾಗುತ್ತಿದ್ದದ್ದು (4)” ಎಂದರೆ ಗಡಿಯಾರ. ಕಾರ್ಖಾನೆ ಮುಚ್ಚಿಹೋದುದರಿಂದ ‘ತಯಾರಾಗುತ್ತಿದ್ದದ್ದು’ ಎಂಬ ಭೂತಕಾಲ. ಇಂಥ ಸಣ್ಣ ನಿಖರತೆಯೂ ಅರ್ಥಭಾಗದ ಸೌಂದರ್ಯವೇ. ಈ ಬಗೆ ಕನ್ನಡದಲ್ಲಿ ಇಂಗ್ಲಿಷಿನಲ್ಲಿರುವಷ್ಟು ಕಠಿಣವಲ್ಲ. ಎಂಟು ಬೇರೆ ಬೇರೆ ಇಂಗ್ಲಿಷ್ ಅಕ್ಷರಗಳನ್ನು 40,320 ರೀತಿಯಲ್ಲಿ ಜೋಡಿಸಬಹುದು. ಉಚ್ಚಾರದಲ್ಲಿ ಅಷ್ಟೇ ಉದ್ದದ ಕನ್ನಡ ಪದ ನಾಲ್ಕಕ್ಷರದ್ದಾದರೆ ಜೋಡಣೆಗಳು ಬರೀ 24. ಕಾಗದ ಪೆನ್ನು ಹಿಡಿದರೆ ಎರಡು ನಿಮಿಷದಲ್ಲಿ ಎಲ್ಲವನ್ನೂ ಬರೆದು ಮುಗಿಸಬಹುದು.

ಕಳೆಯುವ ಬಗೆಗೆ ನನಗೆ ತುಂಬ ಇಷ್ಟವಾದ ಉದಾಹರಣೆ ಮೇಷ್ಟ್ರದೇ: “ಹೃದಯ ಕಳೆದುಕೊಂಡ ಪಟ್ಟಣದಲ್ಲಿ ಮನುಷ್ಯ (2)”. ಪಟ್ಟಣ ಎಂದರೆ ನಗರ; ಅದರ ನಡುವಿನ ಅಕ್ಷರ ಹೋದರೆ ನರ. ‘ತಲೆ’ ಎಂದರೆ ಮೊದಲ ಅಕ್ಷರ, ‘ಬಾಲ’ ಅಥವಾ ‘ಕಾಲು’ ಎಂದರೆ ಕೊನೆಯದು, ‘ಹೃದಯ’, ‘ಹೊಟ್ಟೆ’, ‘ನಡು’ ಎಂದರೆ ಮಧ್ಯದ್ದು. “ದೊರೆಯ ತಲೆ ಹಾರಿಸಿದರೆ ಶ್ರೀನಿವಾಸಪುರದ ಮಾವಿನಿಂದ ಬರುವುದು (2)” ಎಂಬಲ್ಲಿ ಅರಸನ ತಲೆ ಹೋಗಿ ರಸ ಉಳಿಯುತ್ತದೆ.

ಎರಡರ್ಥದ ಬಗೆಯಲ್ಲಿ ಆಟದ ಭಾಗವೇ ಇಲ್ಲ, ಅರ್ಥಭಾಗಗಳೇ ಎರಡು. ನಮ್ಮ ಅಲಂಕಾರಶಾಸ್ತ್ರದ ಶ್ಲೇಷೆ ಇದು. “ಪಕ್ಕದಲ್ಲೇ ಪ್ರವಾಹ (2)” ಎಂದರೆ ನೆರೆ. ಗಡಿ ಭಾಗದ ನಮಗೆ ಇದರಲ್ಲಿ ಇನ್ನೊಂದು ಸವಲತ್ತಿದೆ: “ಬಾಗೇಪಲ್ಲಿಯ ತೆಲುಗು ಮನೆಯ ಹಾಲೇ ನಮ್ಮ ಭಾಗ (2)” ಎಂದರೆ ಪಾಲು, ಏಕೆಂದರೆ ತೆಲುಗಿನಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ. ಧಾರವಾಡದ ಓದುಗರಿಗೆ ಇದು ಅನ್ಯಾಯವೆನಿಸೀತು. ಕೋಲಾರ, ಚಿಕ್ಕಬಳ್ಳಾಪುರದವರಿಗೆ ದಿನಬಳಕೆ.

ಧ್ವನಿಸಾಮ್ಯದ ಬಗೆ ಮಾತ್ರ ಕನ್ನಡದಲ್ಲಿ ಬಡವಾಗಿದೆ. ಬರೆದಂತೆ ಓದುವ ಭಾಷೆಯಲ್ಲಿ ಬೇರೆ ಬರಹದ ಒಂದೇ ಉಚ್ಚಾರ ಎಲ್ಲಿಂದ ಬರಬೇಕು? ಹಳ್ಳಿಯ ಮಾತಿನಲ್ಲಿ ಹಕಾರ ಬಿದ್ದುಹೋಗುವುದನ್ನು ಹಿಡಿದು ಮೇಷ್ಟ್ರು ಒಮ್ಮೆ “ಅಜ್ಜಿಯ ಬಾಯಲ್ಲಿ ಪಕ್ಷಿಯೂ ಅನ್ನಕ್ಕೆ ಬೇಕಾದದ್ದೇ (2)” ಎಂದು ಬರೆದಿದ್ದರು. ಹಕ್ಕಿ ಅಜ್ಜಿಯ ಬಾಯಲ್ಲಿ ಅಕ್ಕಿ. ನಮ್ಮಜ್ಜಿಯೂ ಹಾಗೆಯೇ ಮಾತಾಡುತ್ತಿದ್ದುದರಿಂದ ನನಗೆ ಇದು ಒಂದೇ ಕ್ಷಣದಲ್ಲಿ ಸಿಕ್ಕಿತು.

ಕಾಗುಣಿತದ ಕೈಚಳಕ

ಧ್ವನಿಸಾಮ್ಯದಲ್ಲಿ ಕಳೆದುಕೊಂಡದ್ದನ್ನು ಕನ್ನಡ ಇನ್ನೊಂದು ಕಡೆ ಬಡ್ಡಿ ಸಮೇತ ತುಂಬಿಕೊಡುತ್ತದೆ. ಒಂದನೇ ತರಗತಿಯಲ್ಲಿ ಕೂಗಿ ಕಲಿತ ತಲಕಟ್ಟು, ಇಳಿ, ಗುಡಿಸು, ಕೊಂಬು, ಸೊನ್ನೆ, ಒತ್ತು ಇವುಗಳಿಗೆಲ್ಲ ಲೋಕದಲ್ಲಿ ಬೇರೆ ಅರ್ಥಗಳೂ ಇವೆ. ಕೊಂಬು ಎಂದರೆ ಕು, ಕೊಂಬು ಎಂದರೆ ದನದ ಕೋಡೂ ಹೌದು. ಸೊನ್ನೆ ಎಂದರೆ ಶೂನ್ಯ. ಒತ್ತು ಕೊಡುವುದು ಎಂದರೆ ಪ್ರಾಮುಖ್ಯ ಕೊಡುವುದು. ರಚನಕಾರನ ಕೈಗೆ ಇದಕ್ಕಿಂತ ಒಳ್ಳೆಯ ಆಯುಧ ಸಿಗಲಾರದು.

“ತೆರಿಗೆಯ ಕೊನೆಗೆ ಕೊಂಬು ಮೂಡಿದರೆ ಹಸುವಿನ ಕಂದ (2)”. ತೆರಿಗೆ ಎಂದರೆ ಕರ. ಕೊನೆಯ ಅಕ್ಷರಕ್ಕೆ ಕೊಂಬು ಕೊಟ್ಟರೆ ಕರು. “ಪಕ್ಕಕ್ಕೊಂದು ಸೊನ್ನೆ ಸುತ್ತಿದರೆ ಸೆರೆಯಾಳು (2)” ಎಂದರೆ ಬದಿ ಹೋಗಿ ಬಂದಿ. “ಕತೆಗೆ ಒತ್ತು ಕೊಟ್ಟರೆ ಹೊರೆ ಹೊರುವುದು (2)” ಎಂದರೆ ಕತ್ತೆ. “ಕೈಗೆ ತೊಡುವುದು ದೀರ್ಘವಾದರೆ ಊಟದ ಎಲೆಯ ಗಿಡ (2)” ಎಂದರೆ ಬಳೆ ಹೋಗಿ ಬಾಳೆ. “ರೈಲಿನ ದಾರಿಗೆ ಒತ್ತು ಕೊಟ್ಟರೆ ಗ್ರಾಮ (2)” ಎಂಬುದನ್ನು ಓದಿದವರು ಯಾರಾದರೂ ಬಜೆಟ್ ಭಾಷಣವೆಂದು ತಿಳಿಯುತ್ತಾರೆ, ಉತ್ತರ ಮಾತ್ರ ಹಳಿಯಿಂದ ಹುಟ್ಟಿದ ಹಳ್ಳಿ. ಗುಣಿತದ ಯಾವುದೇ ಹೆಸರು ಸುಳಿವಿನಲ್ಲಿ ಕಂಡರೆ ಅದನ್ನು ಮೊದಲು ಗುಣಿತವೆಂದೇ ಅನುಮಾನಿಸಿ.

ನಾಲ್ಕನೆಯ ಹೆಜ್ಜೆ: ಪ್ರತ್ಯಯದ ಗಂಟು

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಇಂಗ್ಲಿಷಿನಲ್ಲಿ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಒಂದು ಸುಳಿವನ್ನು ನಿಧಾನವಾಗಿ ಬಿಡಿಸಿ ನೋಡೋಣ.

“ಗೋವು ಹೊಲದ ಕೊನೆಯನ್ನು ನುಂಗಿದರೆ ಸಿಗುವುದು ತೊಳೆಯ ಹಣ್ಣು (3)”.

ಕೊನೆಯಿಂದ ಹೊರಡೋಣ. ತೊಳೆಯ ಹಣ್ಣು ಅರ್ಥಭಾಗವಿರಬಹುದು. ತೊಳೆಯುಳ್ಳ ಹಣ್ಣುಗಳು ಕಿತ್ತಳೆ, ಮೂಸಂಬಿ, ಹಲಸು. ಮೂರಕ್ಷರಕ್ಕೆ ಮೂರೂ ಒಗ್ಗುತ್ತವೆ, ಆತುರ ಬೇಡ. ‘ನುಂಗಿದರೆ’ ಎಂಬುದು ಒಂದರೊಳಗೆ ಒಂದನ್ನು ಇಡುವ ಬಗೆಯ ಸೂಚಕ. ನುಂಗುವುದು ಗೋವು, ನುಂಗಿಸಿಕೊಳ್ಳುವುದು ಹೊಲದ ಕೊನೆ. ಗೋವು ಎಂದರೆ ಹಸು, ಆಕಳು, ದನ. ಹೊಲದ ಕೊನೆ ಯಾವುದು? ‘ಹೊಲದ’ ಎಂಬ ರೂಪವನ್ನು ಹಾಗೆಯೇ ತೆಗೆದುಕೊಂಡರೆ ಕೊನೆಯ ಅಕ್ಷರ ‘ದ’. ಆದರೆ ಆ ‘ದ’ ಹೊಲದ್ದಲ್ಲ. ಷಷ್ಠೀ ವಿಭಕ್ತಿಗಾಗಿ ನಡುವೆ ಬಂದ ಆಗಮ, ಹೊಲವನ್ನು ಕೊನೆಗೆ ಕಟ್ಟಿದ ಹಗ್ಗ. ಹಗ್ಗ ಬಿಚ್ಚಿದರೆ ಹೊಲ, ಅದರ ಕೊನೆ ಲ. ಹಸುವಿನ ಹೊಟ್ಟೆಗೆ ಲ ಹೋದರೆ ಹ-ಲ-ಸು. ತುಮಕೂರು ಸೀಮೆಯಲ್ಲಿ ತೊಳೆಯ ಹಣ್ಣೆಂದರೆ ಮೊದಲು ನೆನಪಾಗಬೇಕಾದದ್ದೂ ಅದೇ. ಕಿತ್ತಳೆಗೂ ಮೂಸಂಬಿಗೂ ಗೋವಿನ ಲೆಕ್ಕ ಕೊಡಲಾಗದು, ಆದ್ದರಿಂದ ಅವು ಬಿದ್ದುಹೋದವು.

ಹಾಗಾದರೆ ಪ್ರತ್ಯಯವನ್ನು ಯಾವಾಗಲೂ ಬಿಡಬೇಕೇ? ಇಲ್ಲ ಎನ್ನುವುದೇ ಗಂಟು. “ಅತ್ತೆಯ ಆರಂಭ, ಮಾವನ ಗಲಾಟೆ: ತಲೆ ತಗ್ಗಿಸುವಂಥದ್ದು (4)” ಎಂಬ ಸುಳಿವಿನಲ್ಲಿ ಅತ್ತೆಯ ಆರಂಭ ‘ಅ’, ‘ಮಾವನ’ ಎಂಬ ಮೂರಕ್ಷರ ಕಲಸಿದರೆ ‘ವಮಾನ’, ಎರಡೂ ಕೂಡಿ ಅವಮಾನ. ಇಲ್ಲಿ ಪ್ರತ್ಯಯ ಬಿಟ್ಟರೆ ‘ನ’ ಸಿಗುವುದಿಲ್ಲ. ಒಂದೇ ಷಷ್ಠಿ, ಒಂದು ಕಡೆ ಬಿಡಬೇಕು, ಇನ್ನೊಂದು ಕಡೆ ಇಟ್ಟುಕೊಳ್ಳಬೇಕು. ನಮ್ಮ ಕೂಟದಲ್ಲಿ ಕೊನೆಗೂ ಒಪ್ಪಿತವಾದ ನಿಯಮ ಇದು: ಅಡಗಿಸುವಾಗ ಮತ್ತು ಕಲಸುವಾಗ ಕಣ್ಣಿಗೆ ಕಂಡ ಅಕ್ಷರಗಳೆಲ್ಲ ಲೆಕ್ಕಕ್ಕೆ, ಸಮಾನಾರ್ಥ ಹುಡುಕುವಾಗ ಮತ್ತು ತಲೆ, ನಡು, ಕೊನೆ ಎಂದು ಅಂಗಗಳನ್ನು ಹೆಸರಿಸುವಾಗ ಪ್ರತ್ಯಯ ಕಳಚಿದ ಮೂಲಪದವಷ್ಟೇ ಲೆಕ್ಕಕ್ಕೆ. ಆವರಣದ ಅಂಕಿ ಸಾಕ್ಷಿಗೆ ಇದ್ದೇ ಇರುತ್ತದೆ. ಆದರೂ ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ರಚನಕಾರರು ಎರಡೂ ರೀತಿಗೆ ಸರಿಹೊಂದುವಂತೆ ಸುಳಿವು ಕಟ್ಟುತ್ತಾರೆ. ‘ಅವನ ಕಲಿಕೆಯ ನಡುವೆ’ ಎಂಬಲ್ಲಿ ಕೊನೆಯ ‘ಯ’ ಇದ್ದರೂ ಹೋದರೂ ನಕಲಿ ಒಳಗೇ ಇರುತ್ತದೆ.

ಐದನೆಯ ಹೆಜ್ಜೆ: ಅಡ್ಡ ಬರುವ ಅಕ್ಷರ

ಸಿಗದ ಸುಳಿವನ್ನು ಹಿಡಿದು ಕೂರಬಾರದು. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕ್ಯಾತ್ಸಂದ್ರದಿಂದ ನಿಡವಂದದವರೆಗೆ ಒಂದೇ ಸುಳಿವನ್ನು ದಿಟ್ಟಿಸಿ, ಆಮೇಲೆ ಅದನ್ನು ಬಿಟ್ಟು ಸುತ್ತಲಿನ ನಾಲ್ಕನ್ನು ಮುಗಿಸಿದ ಮೇಲೆ ಅದು ತಾನೇ ಬಿಚ್ಚಿಕೊಂಡದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಕನ್ನಡದಲ್ಲಿ ಅಡ್ಡ ಬರುವ ಒಂದೊಂದು ಅಕ್ಷರವೂ ಇಂಗ್ಲಿಷಿನ ಅಕ್ಷರಕ್ಕಿಂತ ಹೆಚ್ಚು ಹೇಳುತ್ತದೆ, ಏಕೆಂದರೆ ವ್ಯಂಜನದ ಜೊತೆ ಸ್ವರವನ್ನೂ ಒತ್ತನ್ನೂ ಅದು ನಿಗದಿ ಮಾಡುತ್ತದೆ. ಎರಡನೆಯ ಮನೆಯಲ್ಲಿ ‘ಳಿಂ’ ಇದೆಯೆಂದು ತಿಳಿದರೆ ಹಣ್ಣಿನ ಹೆಸರು ಹುಡುಕಲು ನಿಘಂಟು ಬೇಕೇ? ಅದೇ ಕಾರಣಕ್ಕೆ ಒಂದು ತಪ್ಪು ಅಕ್ಷರ ಮಾಡುವ ಹಾನಿಯೂ ದೊಡ್ಡದು. ಲೆಕ್ಕ ಸಿಗುವವರೆಗೆ ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ‘ಬಂಟ’ನ ಕತೆ ನೆನಪಿರಲಿ.

ಕೊನೆಯ ಹೆಜ್ಜೆ: ವಿವರಣೆ ಬರೆಯುವುದು

ಬಿಡಿಸಿದ ಮೇಲೆ ಬೇರೆಯವರಿಗೆ ವಿವರಿಸುವಾಗ ನಾಲ್ಕು ಸಂಗತಿಗಳನ್ನು ಇದೇ ಕ್ರಮದಲ್ಲಿ ಹೇಳಿದರೆ ಗೊಂದಲವಿರುವುದಿಲ್ಲ: ಉತ್ತರ, ಅರ್ಥಭಾಗ, ಆಟದ ಭಾಗ, ಕೊಂಡಿ. ಕೊಂಡಿ ಎಂದರೆ ಎರಡು ಭಾಗಗಳನ್ನು ಜೋಡಿಸಲು ಮಾತ್ರ ಬಂದ ಪದ. ಮೇಲಿನ ಸುಳಿವಿಗೆ ನಾನು ಬರೆದ ವಿವರಣೆ ಹೀಗಿತ್ತು: “ಹಲಸು. ಅರ್ಥ: ತೊಳೆಯ ಹಣ್ಣು. ಆಟ: ಗೋವು ಎಂದರೆ ಹಸು, ಹೊಲ ಎಂಬ ಪದದ ಕೊನೆ ಲ, ‘ನುಂಗಿದರೆ’ ಎಂಬ ಸೂಚಕದಿಂದ ಲ ಒಳಗೆ, ಹ(ಲ)ಸು. ಕೊಂಡಿ: ಸಿಗುವುದು.” ಒಳಗೆ ಸೇರಿದ್ದನ್ನು ಆವರಣದಲ್ಲಿ, ಬಿದ್ದುಹೋದದ್ದನ್ನು ಹೊಡೆದುಹಾಕಿ, ತಿರುಗಿಸಿದ್ದಕ್ಕೆ ಬಾಣದ ಗುರುತು ಹಾಕಿ ತೋರಿಸುವುದು ನಮ್ಮ ವಾಡಿಕೆ.

ವಿವರಣೆ ಬರೆದಾದ ಮೇಲೆ ಸುಳಿವಿನ ಒಂದೊಂದು ಪದದ ಮೇಲೂ ಬೆರಳಿಟ್ಟು ‘ನೀನೇನು ಮಾಡಿದೆ?’ ಎಂದು ಕೇಳಿ. ಕೆಲಸವಿಲ್ಲದ ಪದವೊಂದು ಉಳಿದರೆ ಮೂರರಲ್ಲಿ ಒಂದು ನಿಜ: ನಿಮ್ಮ ಉತ್ತರ ತಪ್ಪು, ಇಲ್ಲವೇ ಉತ್ತರ ಸರಿಯಿದ್ದು ದಾರಿ ತಪ್ಪು, ಇಲ್ಲವೇ ರಚನಕಾರ ಎಡವಿದ್ದಾನೆ. ಮೂರನೆಯದನ್ನು ಕೊನೆಗೆ ಅನುಮಾನಿಸುವುದು ಮರ್ಯಾದೆ. ವ್ಯಾಕರಣವನ್ನೂ ಪರೀಕ್ಷಿಸಿ: ಅರ್ಥಭಾಗ ಕ್ರಿಯಾಪದವಾದರೆ ಉತ್ತರವೂ ಕ್ರಿಯಾಪದವಾಗಬೇಕು, ಬಹುವಚನವಾದರೆ ಬಹುವಚನ. ‘ಹೇಗೋ ಬಂತು’ ಎನ್ನುವುದು ವಿವರಣೆಯಲ್ಲ.

ಕೈ ಪಳಗಲೆಂದು ಮೂರು ಸುಳಿವುಗಳನ್ನು ಕೊಡುತ್ತೇನೆ. ಕೆಳಗಿನ ಸಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

“ಒಲ್ಲೆನೆನ್ನುವ ಬೇಟೆಗಾರ (2)”.
“ಕಾಡು ತಿರುಗಿ ಬಂದರೆ ಹೊಸತು (2)”.
“ಹಿಂದೆಮುಂದೆ ನೋಡಿದರೂ ಅದೇ, ಕೆಜಿಎಫ್ ಗಣಿಯಲ್ಲಿ ಸಿಗುತ್ತಿದ್ದದ್ದು (3)”.

ಮೊದಲನೆಯದು ಬೇಡ: ಒಲ್ಲೆ ಎನ್ನುವ ಮಾತೂ ಬೇಡ, ಬೇಟೆಗಾರನೂ ಬೇಡ, ಎರಡರ್ಥದ ಬಗೆ. ಎರಡನೆಯದು ನವ: ಅರ್ಥ ‘ಹೊಸತು’, ಕಾಡು ಎಂದರೆ ವನ, ‘ತಿರುಗಿ ಬಂದರೆ’ ಸೂಚಕ, ಇಲ್ಲಿ ಕಾಡನ್ನು ಅಲೆಯುವ ಚಿತ್ರ ಕಣ್ಣಿಗೆ ಕಟ್ಟಿದವರು ಮೋಸಹೋದರು. ಮೂರನೆಯದು ಕನಕ: ಅರ್ಥ ‘ಕೆಜಿಎಫ್ ಗಣಿಯಲ್ಲಿ ಸಿಗುತ್ತಿದ್ದದ್ದು’, 2001ರಲ್ಲಿ ಗಣಿ ಮುಚ್ಚಿದ್ದರಿಂದ ಭೂತಕಾಲ, ‘ಹಿಂದೆಮುಂದೆ ನೋಡಿದರೂ ಅದೇ’ ಎಂಬುದು ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಪದದ ಸೂಚಕ. ಚಿನ್ನ, ಬಂಗಾರ, ಹೊನ್ನು ಮೂರನ್ನೂ ಬರೆದು ತಿರುಗಿಸಿ ನೋಡಿ, ನಿಲ್ಲುವುದು ಕನಕವೊಂದೇ.